ಲಟಕ್ ಅನ್ನಿಸುವ ಮೊದಲು ನಾನು ಕೇಳುವ ಪ್ರಶ್ನೆಗಳು

"ಸರ್, ಒಂದ್ಸಲ ಲಟಕ್ ಅನ್ನಿಸಿಬಿಡಿ, ಸರಿಹೋಗುತ್ತೆ." ಸೊಂಟ ಹಿಡಿದುಕೊಂಡು ಬರುವವರಲ್ಲಿ ತುಂಬಾ ಜನ ಹೀಗೇ ಶುರು ಮಾಡುತ್ತಾರೆ. ನಾನು ಜಯನಗರದಲ್ಲಿ ಫಿಸಿಯೋಥೆರಪಿಸ್ಟ್. ಕೈರೋಪ್ರಾಕ್ಟರ್‌ಗಳು ಮಾಡುವ ಹಾಗೆ ಬೆನ್ನುಮೂಳೆಯ ಕೀಲುಗಳಿಗೆ ಕೈಯಿಂದಲೇ ಚಿಕಿತ್ಸೆ ಕೊಡುವುದನ್ನೂ ಕಲಿತಿದ್ದೇನೆ. ಆದರೆ ಮಲಗಿಸುವ ಮೊದಲು ಮಾತಿಗೇ ಜಾಸ್ತಿ ಹೊತ್ತು ಕೊಡುತ್ತೇನೆ.

ನೋವು ಕಾಲಿಗೆ ಇಳಿಯುತ್ತಾ? ಮೂತ್ರ ಕಟ್ಟಿಕೊಂಡಿದೆಯಾ, ಅಥವಾ ತಡೆಯೋಕೆ ಆಗ್ತಿಲ್ವಾ? ಕೂರುವ ಜಾಗದಲ್ಲಿ ಮುಟ್ಟಿದರೆ ಗೊತ್ತಾಗುತ್ತಾ? ಮೂತ್ರದ ತೊಂದರೆ, ಸ್ಪರ್ಶ ಹೋಗಿರುವುದು ಕಂಡರೆ ನಾನು ಕೈ ಹಚ್ಚುವುದಿಲ್ಲ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಕೊಂಡಿರಬಹುದು. ಆವತ್ತೇ ಆಸ್ಪತ್ರೆಯ ಎಮರ್ಜೆನ್ಸಿಗೆ ಕಳಿಸುತ್ತೇನೆ. ಜ್ವರ, ಸುಮ್ ಸುಮ್ನೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಮೂಳೆ ಸವೆತ, ಬಹಳ ಕಾಲ ಸ್ಟೀರಾಯ್ಡ್ ತಗೊಂಡಿರುವುದು ಇದ್ದರೆ ಮೊದಲು ಡಾಕ್ಟರ್ ನೋಡಬೇಕು.

ಆಮೇಲೆ ಹಿಮ್ಮಡಿಯ ಮೇಲೆ ನಡೆಸುತ್ತೇನೆ. ಒಂದು ಪಾದದ ಮುಂಭಾಗ ಎತ್ತೋಕಾಗದೆ ಕೆಳಗೆ ಬಿದ್ದರೆ, ಅದನ್ನು ಎತ್ತುವ ನರಕ್ಕೆ ಬಲ ಕಡಿಮೆಯಾಗಿರಬಹುದು. ಅಲ್ಲಿಗೆ ಲಟಕ್ ಮಾತು ಮುಗಿಯಿತು.

ಇದೆಲ್ಲ ಸರಿ ಇದ್ದರೆ ಒಂದು ಮಗ್ಗುಲಿಗೆ ಮಲಗಿಸುತ್ತೇನೆ. ಮೇಲಿನ ಮಂಡಿ ಮಡಚಿ, ಭುಜವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ಮುಂಗೈಯನ್ನು ಸೊಂಟದ ಮೂಳೆಯ ಮೇಲೆ ಇಡುತ್ತೇನೆ. "ಉಸಿರು ಬಿಡಿ" ಅನ್ನುತ್ತೇನೆ. ಕೀಲು ಇನ್ನು ತಿರುಗಲ್ಲ ಅನ್ನುವ ತುದಿಗೆ ಬಂದಾಗ ಒಂದು ಚುರುಕಾದ, ಬಹಳ ಚಿಕ್ಕ ನೂಕು, ಅಷ್ಟೇ. ಶಬ್ದ ಬರಬಹುದು, ಬರದೆಯೂ ಇರಬಹುದು. ಬಂದರೂ ಅದು ಜಾರಿದ ಮೂಳೆ ಜಾಗಕ್ಕೆ ಕೂತ ಶಬ್ದವಲ್ಲ. ಕೀಲಿನ ದ್ರವದಲ್ಲಿ ಒತ್ತಡ ಇಳಿದು, ಒಳಗೆ ಅನಿಲದ ಒಂದು ಪೊಳ್ಳು ಉಂಟಾಗುತ್ತದೆ. 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ನೆಟಿಕೆಯನ್ನು ಎಂಆರ್‌ಐನಲ್ಲೇ ಹಿಡಿದು ತೋರಿಸಿದ್ದಾರೆ. ಬಿಗಿದ ಸ್ನಾಯು ಸಡಿಲವಾಗಿ, ನರಗಳು ನೋವನ್ನು ಗ್ರಹಿಸುವ ರೀತಿ ಸ್ವಲ್ಪ ಹೊತ್ತು ಬದಲಾಗುವುದರಿಂದ ಹಗುರ ಅನ್ನಿಸುತ್ತದೆ.

1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಕೈರೋಪ್ರಾಕ್ಟಿಕ್ ಎಂಬ ಈ ಪದ್ಧತಿ ಶುರು ಮಾಡಿದ ಡಿ.ಡಿ. ಪಾಮರ್, ಬಹುತೇಕ ಕಾಯಿಲೆಗಳಿಗೆ ಬೆನ್ನುಮೂಳೆ ಜಾರುವುದೇ ಮೂಲ ಎಂದು ನಂಬಿದ್ದರು. ಅದಕ್ಕೆ ಆಧಾರ ಇಲ್ಲ. ಸಕ್ಕರೆ ಕಾಯಿಲೆ, ಬಿಪಿ ವಾಸಿ ಮಾಡ್ತೀವಿ ಅನ್ನುವವರಿಂದ ದೂರ ಇರಿ. ಸೊಂಟ ನೋವಿನ ಮಟ್ಟಿಗೆ ಉಪಯೋಗ ಇದೆ, ಆದರೆ ಪವಾಡ ಅಲ್ಲ. ವ್ಯಾಯಾಮಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಅಷ್ಟೇ.

ಕತ್ತಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಜೋರಾಗಿ ತಿರುಚುವುದೇ ಇಲ್ಲ. ಕಟಿಂಗ್ ಶಾಪ್‌ನಲ್ಲಿ ಕೊನೆಗೆ ಕತ್ತು ಲಟಕ್ ಅನ್ನಿಸ್ತಾರಲ್ಲ, ದಯವಿಟ್ಟು ಬೇಡ ಅನ್ನಿ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಒಳಗೆ ಹರಿದು ಸ್ಟ್ರೋಕ್ ಆಗಬಹುದು.

ಔಟರ್ ರಿಂಗ್ ರೋಡಲ್ಲಿ ದಿನವಿಡೀ ಕ್ಯಾಬ್ ಓಡಿಸುವ ಒಬ್ಬರು ಮಲಗಿದಲ್ಲಿಂದ ಎದ್ದು, ಬಗ್ಗಿ ಶೂ ಹಾಕಿಕೊಂಡು ನಕ್ಕರು. ಅವರನ್ನು ಹಾಗೇ ಕಳಿಸಲಿಲ್ಲ. ನೋವು ಕಡಿಮೆ ಇರುವ ಆ ಹೊತ್ತಲ್ಲೇ ವ್ಯಾಯಾಮ ಕಲಿಸಿದೆ, ಏರ್‌ಪೋರ್ಟ್ ಟ್ರಿಪ್‌ಗಳ ನಡುವೆ ಇಳಿದು ನಡೆಯಿರಿ ಎಂದೆ. ಮೊದಲೇ ದುಡ್ಡು ಕಟ್ಟಿಸಿಕೊಳ್ಳುವ ಪ್ಯಾಕೇಜ್ ನನ್ನಲ್ಲಿಲ್ಲ. ಕೆಲವು ಸಲ ನೋಡಿಯೂ ವ್ಯತ್ಯಾಸ ಕಾಣದಿದ್ದರೆ ಮೂಳೆ ಡಾಕ್ಟರ್ ಹತ್ತಿರ ಹೋಗಿ ಎಂದು ನಾನೇ ಚೀಟಿ ಬರೆದು ಕೊಡುತ್ತೇನೆ.