ಮರಗೆಲಸದ ಕೈ ಉಪಕರಣಗಳನ್ನು ಅಂಗಡಿಯಲ್ಲೇ ಪರೀಕ್ಷಿಸಿ ಕೊಳ್ಳುವ ಬಗೆ

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂತಹ ಹಾರ್ಡ್‌ವೇರ್ ಬೀದಿಗಳಲ್ಲಿ ಕೊಳ್ಳುವುದರ ನಿಜವಾದ ಲಾಭ ಬೆಲೆಯಲ್ಲಿಲ್ಲ, ಉಪಕರಣವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬಹುದೆಂಬುದರಲ್ಲಿದೆ. ಹೋಗುವಾಗ ಪೆನ್ಸಿಲ್, ಉಕ್ಕಿನ ಸ್ಕೇಲ್ ಮತ್ತು ಒಂದು ಅಂಚು ನೇರವಾಗಿರುವ ಪ್ಲೈವುಡ್ ತುಂಡನ್ನು ಒಯ್ಯಿರಿ.

ಲಂಬಕೋನ ನೋಡುವ ಮೂಲೆಮಟ್ಟವನ್ನು ಪ್ಲೈವುಡ್ಡಿನ ನೇರ ಅಂಚಿಗೆ ಒತ್ತಿ ಗೆರೆ ಎಳೆಯಿರಿ. ಬಳಿಕ ಅದನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆಗಳು ಒಂದಾದರೆ ಕೋನ ಸರಿಯಾಗಿದೆ. ಕವಲೊಡೆದರೆ, ಕಾಣುವ ಅಂತರವು ನಿಜವಾದ ದೋಷದ ಎರಡರಷ್ಟಿರುತ್ತದೆ.

ಮರದ ಮೇಲ್ಮೈಯನ್ನು ಹೆರೆದು ನಯಗೊಳಿಸುವ ಕೀಸುಳಿ ಕೊಳ್ಳುವಾಗ ಹೆಚ್ಚು ಸಮಯ ತೆಗೆದುಕೊಳ್ಳಿ. ಮೊದಲ ಕೀಸುಳಿಯಾಗಿ 4ನೇ ಸಂಖ್ಯೆಯದು (ಸಂಖ್ಯೆ ಗಾತ್ರವನ್ನು ಸೂಚಿಸುತ್ತದೆ) ಸಾಕು. ಅದರ ಅಲಗನ್ನು ಒಳಗೆ ಎಳೆದುಕೊಂಡು, ತಳದ ಮೇಲೆ ಸ್ಕೇಲಿನ ಅಂಚನ್ನು ಉದ್ದಕ್ಕೂ ಕರ್ಣಕ್ಕೂ ಇಟ್ಟು ಬೆಳಕಿಗೆ ಹಿಡಿದು ನೋಡಿ. ಅಲ್ಲಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೆ ಮರಳುಕಾಗದದ ಮೇಲೆ ಉಜ್ಜಿ ಸರಿಪಡಿಸಬಹುದು, ಆದರೆ ಬಾಯಿಯ, ಅಂದರೆ ಅಲಗು ಹೊರಚಾಚುವ ಸೀಳಿನ, ಮುಂದಿನ ಅಂಚೇ ತಗ್ಗಾಗಿದ್ದರೆ ಅಥವಾ ತಳ ತಿರುಚಿಕೊಂಡಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಉಳಿಗಳ ದೊಡ್ಡ ಸೆಟ್ ಅನಗತ್ಯ. 6, 12 ಮತ್ತು 25 ಮಿ.ಮೀ. ಅಗಲದವು ಬಹುತೇಕ ಕೆಲಸಗಳಿಗೆ ಸಾಲುತ್ತವೆ. ಮಿರುಗುವ ಪಾಲಿಶ್ ನನಗಂತೂ ಅನುಮಾನ ಹುಟ್ಟಿಸುತ್ತದೆ, ಏಕೆಂದರೆ ಅತಿಯಾಗಿ ಬಫ್ ಮಾಡಿದ ಉಳಿಯ ಚಪ್ಪಟೆಯಾಗಿರಬೇಕಾದ ಬೆನ್ನು ತುದಿಯಲ್ಲಿ ದುಂಡಗಾಗಿರುತ್ತದೆ.

ಗರಗಸದ ಹಲ್ಲಿನ ತುದಿ ನೀಲಿಗಪ್ಪಾಗಿದ್ದರೆ ಅದು ವಿಶೇಷವಾಗಿ ಗಡಸುಗೊಳಿಸಿದ್ದು. ಸಾಮಾನ್ಯ ಅರದಿಂದ ಅದನ್ನು ಮತ್ತೆ ಹರಿತಗೊಳಿಸಲಾಗದು.

ಹೊಸ ಉಳಿಗಳು ಸಾಮಾನ್ಯವಾಗಿ ಕೆಲಸಕ್ಕೆ ಬೇಕಾದಷ್ಟು ಹರಿತವಾಗಿರುವುದಿಲ್ಲವಾದ್ದರಿಂದ, ಎರಡು ಬದಿಯ ಸಾಣೆಕಲ್ಲಿಗೂ ಹಣ ಉಳಿಸಿಕೊಳ್ಳಿ.