222 ಕೆಜಿ ಚೀಲ

ಹಗಲೆಲ್ಲ ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ನಮ್ಮ ಪಡಸಾಲೆಯಲ್ಲಿ ಎಂಟನೇ ತರಗತಿಯ ಹತ್ತು-ಹನ್ನೆರಡು ಮಕ್ಕಳಿಗೆ ಗಣಿತದ ಟ್ಯೂಷನ್. ಒಂದು ದಿನ ಬೋರ್ಡಿನ ಮೇಲೆ 3ಯಾ = 225 ಅಂತ ಬರೆದೆ. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ನಾನು ‘ಯಾ’ ಬರೆಯುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅರ್ಧಕ್ಕರ್ಧ ಮಕ್ಕಳು 225ರಲ್ಲಿ 3 ಕಳೆದು, ಉತ್ತರ 222 ಅಂತ ಬರೆದರು.

ಅವರಲ್ಲೊಬ್ಬನ ಅಪ್ಪ ಹಮಾಲಿ. ‘ಮೂರು ಚೀಲ ಭತ್ತ 225 ಕೆಜಿ, ಒಂದು ಚೀಲ ಎಷ್ಟಪ್ಪ?’ ಅಂದೆ. ‘ಎಪ್ಪತ್ತೈದ್ರಿ ಸರ್’ ಅಂತ ಥಟ್ಟನೆ ಹೇಳಿದ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿಯೇ. ‘ಮತ್ತ 222 ಕೆಜಿ ಚೀಲ ಯಾರು ಹೊರ್ತಾರ?’ ಅಂದಾಗ ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. ‘ಆ ಕಡಿ ಹೋದ್ರ ಮೈನಸ್ ಆಗ್ತೈತಿ ಅಂತ ನೀವ ಹೇಳಿದ್ರಲ್ರಿ’ ಅಂದ.

ನಿಜ, ನಾನೇ ಹೇಳಿದ್ದೆ. ನನಗೂ ಹಾಗೇ ಕಲಿಸಿದ್ದರು. ಸಮೀಕರಣದ ಒಂದು ಕಡೆಯದನ್ನು ಚಿಹ್ನೆ ಬದಲಿಸಿ ಇನ್ನೊಂದು ಕಡೆಗೆ ಒಯ್ಯುವುದಕ್ಕೆ ಪಕ್ಷಾಂತರ ಅನ್ನುತ್ತಾರೆ. ಅದು ಯಾಕೆ ಹಾಗೆ ಅಂತ ತಿಳಿಯುವ ಮೊದಲೇ ಅದರ ಮಂತ್ರ ಬಾಯಿಪಾಠವಾಗಿತ್ತು. ಹುಡುಗ ಮಂತ್ರವನ್ನು ಚಾಚೂ ತಪ್ಪದೆ ಪಾಲಿಸಿದ್ದ, ಅಷ್ಟೇ.

ಮರುದಿನ ತರಕಾರಿ ಮಾರುವ ಅಜ್ಜಿಯ ಹತ್ತಿರ ಹಳೆ ತಕ್ಕಡಿ ಕೇಳಿ ತಂದು ತೊಲೆಗೆ ಕಟ್ಟಿದೆ. ಮನೆಯಲ್ಲೇ ಎರಡೆರಡು ಕೆಜಿ ಅಕ್ಕಿ ತುಂಬಿ ಬಾಯಿ ಹೊಲಿದ ಮೂರು ಚೀಲ ಒಂದು ತಟ್ಟೆಯಲ್ಲಿ, ಜೊತೆಗೆ ಒಂದು ಕೆಜಿ ಕಲ್ಲು. ಇನ್ನೊಂದು ತಟ್ಟೆಯಲ್ಲಿ ಅಂಥದೇ ಒಂದು ಚೀಲ, ಒಂದೊಂದು ಕೆಜಿಯ ಐದು ಕಲ್ಲು. ಮುಳ್ಳು ನೆಟ್ಟಗೆ ನಿಂತಿತು. 3ಯಾ + 1 = ಯಾ + 5.

ಒಬ್ಬ ಹುಡುಗಿ ಎದ್ದು ಬಂದು ಎಡಗಡೆಯ ಒಂದು ಕೆಜಿ ಕಲ್ಲು ತೆಗೆದಳು. ಬಲಗಡೆಯ ತಟ್ಟೆ ಧಡ್ಡನೆ ನೆಲಕ್ಕೆ ಬಡಿಯಿತು. ಹೆದರಿ, ಅಲ್ಲಿಂದಲೂ ಒಂದು ಕೆಜಿ ತೆಗೆದಳು. ತಕ್ಕಡಿ ಸಮ ಆಯಿತು. ‘ಕಲ್ಲು ಆ ಕಡೆ ಹೋಯಿತೇನು?’ ಅಂತ ಕೇಳಿದೆ. ಎರಡು ಕಲ್ಲೂ ಅವಳ ಕೈಯಲ್ಲೇ ಇದ್ದವು. ಯಾವುದೂ ಎಲ್ಲಿಗೂ ಹೋಗಿರಲಿಲ್ಲ.

ಆಮೇಲೆ ನಾನು ಬಾಯಿ ಬಿಡಲಿಲ್ಲ. ಎರಡೂ ತಟ್ಟೆಯಿಂದ ಒಂದೊಂದು ಚೀಲ ಅವರೇ ಇಳಿಸಿದರು. ಒಳಗೆಷ್ಟಿದೆ ಅಂತ ಗೊತ್ತಿಲ್ಲದ ಚೀಲವನ್ನು ಬಿಚ್ಚದೆಯೇ ಇಳಿಸಬಹುದು ಅನ್ನುವುದು ನನಗಂತೂ ಬೀಜಗಣಿತದಲ್ಲೇ ಅತಿ ಸೊಗಸಿನ ಸಂಗತಿ. ಉಳಿದದ್ದು ಎರಡು ಚೀಲಕ್ಕೆ ನಾಲ್ಕು ಕೆಜಿ. ಎರಡು ಪಾಲು ಮಾಡಿದರೆ ಒಂದಕ್ಕೆ ಎರಡು. 225ಕ್ಕೂ ಬೇಕಾದದ್ದು ಈ ಪಾಲು ಮಾಡುವ ಕೆಲಸ, ಕಳೆಯುವುದಲ್ಲ.

ವಾರದೊಳಗೆ ತಕ್ಕಡಿಯ ಆಟ ಮುಗಿಯಿತು. 2ಯಾ − 3 = 7 ಬಂದಾಗ ‘ಮೈನಸ್ ಮೂರು ಕೆಜಿ ಕಲ್ಲು ಎಲ್ಲಿ ಸಿಗ್ತೈತ್ರಿ?’ ಅಂತ ಅದೇ ಹುಡುಗಿ ಕೇಳಿದಳು. ಎಲ್ಲೂ ಸಿಗುವುದಿಲ್ಲ. ಕೈಹಿಡಿದದ್ದು ಸಾಲ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಒಂದು ಲೆಕ್ಕವಿದೆ: ಒಬ್ಬನ ಹತ್ತಿರ 6 ಕುದುರೆ, 300 ನಾಣ್ಯ. ಇನ್ನೊಬ್ಬನ ಹತ್ತಿರ 10 ಕುದುರೆ, ಆದರೆ 100 ಸಾಲ. ಇಬ್ಬರ ಆಸ್ತಿಯೂ ಸಮ. ಕುದುರೆಯ ಬೆಲೆ ಎಷ್ಟು? ಗೊತ್ತಿಲ್ಲದ ಬೆಲೆಗೆ ಅವರು ‘ಯಾವತ್-ತಾವತ್’ ಅನ್ನುತ್ತಿದ್ದರು, ಚಿಕ್ಕದಾಗಿ ‘ಯಾ’. ನನ್ನ ‘ಯಾ’ ಅಲ್ಲಿಂದಲೇ ಬಂದದ್ದು.

6ಯಾ + 300 = 10ಯಾ − 100. ಇಬ್ಬರಿಗೂ ನೂರು ನೂರು ಕೊಟ್ಟೆವು. ಒಬ್ಬನ ಸಾಲ ತೀರಿತು, ಇನ್ನೊಬ್ಬನ ಗಂಟು 400 ಆಯಿತು. ಆರಾರು ಕುದುರೆ ಹೊರಗೆ ಕಟ್ಟಿದೆವು. ನಾಲ್ಕು ಕುದುರೆಗೆ 400. ‘ಕುದ್ರಿಗೆ ನೂರ ರೂಪಾಯಿ ಏನ್ರಿ!’ ಅಂತ ಹಮಾಲಿಯ ಮಗ ಹುಬ್ಬೇರಿಸಿದ. ಉದ್ರಿ ಖಾತೆ ನೋಡಿ ಬೆಳೆದ ಮಕ್ಕಳು. ಋಣ ಸಂಖ್ಯೆ ಅವರಿಗೆ ಆಮೇಲೆ ಭಾರವಾಗಲಿಲ್ಲ.

ಪರೀಕ್ಷೆಯಲ್ಲಿ ಅವರು ಪಕ್ಷಾಂತರವನ್ನೇ ಮಾಡುತ್ತಾರೆ, ಬೇಗ ಆಗುತ್ತದೆ. ಮಾಡಲಿ. ಆದರೆ ತಾಳೆ ನೋಡದ ಉತ್ತರಕ್ಕೆ ನಾನು ಸರಿ ಗುರುತು ಹಾಕುವುದಿಲ್ಲ.

ಈಗ ಭಿನ್ನರಾಶಿ ನಡೆದಿದೆ. ಯಾ/2 + ಯಾ/3 = 10. ಎಲ್ಲವನ್ನೂ ಆರರಿಂದ ಗುಣಿಸಬೇಕು. ನಿನ್ನೆ ಇಬ್ಬರು ಎಡಗಡೆ ಮಾತ್ರ ಗುಣಿಸಿ, ಹತ್ತನ್ನು ಹತ್ತಾಗಿಯೇ ಬಿಟ್ಟು, 5ಯಾ = 10, ಉತ್ತರ 2 ಅಂತ ತಂದರು. ‘ಎರಡರ ಅರ್ಧ ಒಂದು, ಮೂರನೇ ಒಂದು ಪಾಲು ಒಂದೂ ಇಲ್ಲ. ಹತ್ತು ಎಲ್ಲಿಂದ ಬಂತು?’ ಅಂದೆ. ಒಬ್ಬ ತಲೆಯೆತ್ತಿ, ತೊಲೆಯಲ್ಲಿ ಇನ್ನೂ ತೂಗುತ್ತಿದ್ದ ಹಗ್ಗ ನೋಡಿ, ರಬ್ಬರ್ ಕೈಗೆತ್ತಿಕೊಂಡ.