ದುಬೈನಲ್ಲಿ ಕ್ರಿಸ್ಮಸ್: ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದವರಿಗೆ

ನಮ್ಮೂರು ಗುಳೇದಗುಡ್ಡ. 1851ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರು ಬಂದು ನೆಲೆ ನಿಂತ ಊರು, ಹಾಗಾಗಿ ಖಣದ (ರವಿಕೆ ಬಟ್ಟೆಯ) ಮಗ್ಗದ ಸದ್ದು, ಚರ್ಚಿನ ಗಂಟೆ ಎರಡನ್ನೂ ಕೇಳುತ್ತಾ ಬೆಳೆದವರು ನಾವು. ಡಿಸೆಂಬರ್ ಬಂತೆಂದರೆ ಸ್ವೆಟರ್ ಹಾಕಿಕೊಂಡು ರಾತ್ರಿ ಮನೆಮನೆಗೆ ಹಾಡೋಕೆ ಹೋಗುವುದು, ಕೊನೆಗೆ ಯಾರದೋ ಮನೆಯಲ್ಲಿ ಚುರಮುರಿ, ಬಿಸಿ ಚಹಾ. ದುಬೈನಲ್ಲಿ ಡಿಸೆಂಬರ್ ಹಗಲೂ 25 ಡಿಗ್ರಿ ಸುತ್ತಮುತ್ತ ಇರುತ್ತದೆ. ಮೊದಲ ವರ್ಷ ಹಬ್ಬ ಬಂದದ್ದೇ ಗೊತ್ತಾಗಲಿಲ್ಲ, ಬಹಳ ಬೇಜಾರಾಗಿತ್ತು. ನಿಮಗೆ ಹಾಗಾಗಬಾರದು.

ಮೊದಲು ರಜೆಯ ವಿಷಯ. ಇಲ್ಲಿ ಡಿಸೆಂಬರ್ 25ಕ್ಕೆ ಸರ್ಕಾರಿ ರಜೆ ಇಲ್ಲ. ನವೆಂಬರ್‌ನಲ್ಲೇ ಕೇಳಿಟ್ಟುಕೊಳ್ಳಿ. ತಿಂಗಳ ಶುರುವಿನಲ್ಲಿ ರಾಷ್ಟ್ರೀಯ ದಿನದ ರಜೆ ಸಿಗುತ್ತದಲ್ವಾ, ಮನೆ ಸ್ವಚ್ಛ ಮಾಡುವುದು, ಸಾಮಾನು ತರುವುದು ಆಗಲೇ ಮುಗಿಸಿಬಿಡಿ.

ಇನ್ನು ಕರ್ಚಿಕಾಯಿ. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಯುಎಇಯಲ್ಲಿ ಗಸಗಸೆ ನಿಷೇಧ, ಅದು ಅಫೀಮು ಗಿಡದ ಬೀಜ ಅಂತ. ಪೊಟ್ಟಣ ಕಟ್ಟಿದ್ದಿರಲಿ, ಅವ್ವ ಪ್ರೀತಿಯಿಂದ ಮಾಡಿಕೊಟ್ಟ ಕರ್ಚಿಕಾಯಿ ಹೂರಣದಲ್ಲಿ ಬೆರೆತದ್ದಿರಲಿ, ಬ್ಯಾಗಿನಲ್ಲಿ ತರಲೇಬೇಡಿ, ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಕೇಸು ಆಗುತ್ತದೆ. ಊರಿಂದ ಯಾರಾದರೂ ಬರುತ್ತಿದ್ದರೆ ಫೋನ್ ಮಾಡಿ ಬಾಯಿಬಿಟ್ಟು ಹೇಳಿ, ಗೊತ್ತಿರುತ್ತೆ ಬಿಡು ಅಂತ ಸುಮ್ನಿರಬೇಡಿ.

ಗಸಗಸೆ ಬದಲು ಬಿಳಿ ಎಳ್ಳು ಹಾಕಿ. ಒಣಕೊಬ್ಬರಿ ತುರಿ, ಪುಟಾಣಿ ಹಿಟ್ಟು, ಸಕ್ಕರೆ ಪುಡಿ, ಏಲಕ್ಕಿ, ಜೊತೆಗೆ ಚಟಪಟ ಅನ್ನುವ ತನಕ ಹುರಿದ ಎಳ್ಳು. ರುಚಿ ಬೇರೆಯಾಗುತ್ತದೆ, ಆದರೆ ಚೆನ್ನಾಗಿರುತ್ತದೆ. ಕಣಕಕ್ಕೆ ಅರ್ಧ ಕಿಲೋ ಮೈದಾ, ಒಂದು ಹಿಡಿ ಚಿರೋಟಿ ರವೆ, ನಾಲ್ಕು ಚಮಚ ಕಾಯಿಸಿದ ತುಪ್ಪ. ಇಲ್ಲಿನ ತೊಂದರೆ ಅಂದರೆ ಏಸಿ. ಊರಲ್ಲಿ ಹಿಟ್ಟು ಕಲಸಿಟ್ಟು ಮಾತಾಡುತ್ತಾ ಕೂತರೂ ನಡೆಯುತ್ತದೆ, ಇಲ್ಲಿ ಏಸಿ ಗಾಳಿಗೆ ಹತ್ತೇ ನಿಮಿಷದಲ್ಲಿ ಮೇಲೆ ಪೊರೆ ಕಟ್ಟುತ್ತದೆ, ಅಂಚು ಹಿಡಿಯುವುದಿಲ್ಲ, ಎಣ್ಣೆಗೆ ಬಿಟ್ಟ ಕೂಡಲೇ ಬಾಯಿ ಬಿಡುತ್ತದೆ. ನನ್ನ ಮೊದಲ ವರ್ಷದ್ದು ಪೂರ್ತಿ ಹಾಗೇ ಆಯಿತು, ಹೂರಣವೆಲ್ಲ ಎಣ್ಣೆಯಲ್ಲಿ ಸುಟ್ಟು ಕರ್ರಗೆ ತಳ ಹಿಡಿದಿತ್ತು. ಏಸಿ ಬಂದ್ ಮಾಡಿ, ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಒಂದೊಂದೇ ಉಂಡೆ ತೆಗೆದು ಲಟ್ಟಿಸಿ, ಅಂಚಿಗೆ ಹಾಲು ಸವರಿ ಒತ್ತಿ. ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಿ.

ಕೇಕಿಗೆ ಒಣಹಣ್ಣನ್ನು ರಮ್ ಬದಲು ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಜ್‌ನಲ್ಲಿಡಿ. ಶಾರ್ಜಾದಲ್ಲಿ ಇರುವವರಿಗಂತೂ ಬೇರೆ ದಾರಿಯಿಲ್ಲ, ಅಲ್ಲಿ ಮದ್ಯವೇ ನಿಷೇಧ.

ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಹತ್ತಿ ಹರಡಿ ಹಿಮ ಮಾಡುವ ಗೋಜು ಬೇಡ ಅಂತ ನನ್ನ ಅಭಿಪ್ರಾಯ. ನಾನು ಒಂದು ಕೆಂಪು ಖಣ ಹಾಸುತ್ತೇನೆ, ಅದರ ಮೇಲೆ ಒಂದಿಷ್ಟು ಮರಳು, ಮರಳಿಗಂತೂ ಇಲ್ಲಿ ಬರವಿಲ್ಲ. ಬೆತ್ಲೆಹೇಮಿನ ನೆಲಕ್ಕೂ ಇದೇ ಹೊಂದುತ್ತದೆ. ನಕ್ಷತ್ರವನ್ನು ಕಿಟಕಿಯ ಒಳಗಡೆಯಿಂದ ತೂಗುಹಾಕಿ, ಬಾಲ್ಕನಿಗೆ ಕೆಲವು ಕಟ್ಟಡಗಳಲ್ಲಿ ಒಪ್ಪುವುದಿಲ್ಲ. ಹಾಡುವುದನ್ನು ಚರ್ಚಿನ ಆವರಣದಲ್ಲೇ ಹಾಡಿ, ಊರಿನ ಹಾಗೆ ಬೀದಿಗಿಳಿಯಬೇಡಿ.

ಅಕ್ಕಪಕ್ಕದವರಿಗೆ ತಟ್ಟೆ ಕೊಡುವುದನ್ನು ಮಾತ್ರ ಬಿಡಬೇಡಿ. ಯಾವ ದೇಶದವರಾದರೂ ಸರಿ. ಕಳೆದ ವರ್ಷ ನಮ್ಮ ಎದುರು ಮನೆಯ ಈಜಿಪ್ಟಿನ ಅಕ್ಕ ಖಾಲಿ ತಟ್ಟೆ ವಾಪಸ್ ಕೊಡದೆ ಖರ್ಜೂರ ತುಂಬಿ ಕೊಟ್ಟರು, ಥೇಟ್ ನಮ್ಮೂರಿನ ಪದ್ಧತಿ!

ಚರ್ಚು ಔದ್ ಮೇಥಾದಲ್ಲಿದೆ. ಕಥೋಲಿಕರಿಗೆ ಸೇಂಟ್ ಮೇರೀಸ್, ನಮ್ಮಂಥ ಪ್ರೊಟೆಸ್ಟೆಂಟರಿಗೆ ಹೋಲಿ ಟ್ರಿನಿಟಿ. 24ರ ರಾತ್ರಿ ಜನವೋ ಜನ. ಕಾರು ಬಿಟ್ಟು ಮೆಟ್ರೋದ ಹಸಿರು ಲೈನಿನಲ್ಲಿ ಹೋಗಿ, ಕೊನೆಯ ರೈಲು ಎಷ್ಟಕ್ಕೆ ಅಂತ ಮೊದಲೇ ನೋಡಿಕೊಳ್ಳಿ. ಜಾಗ ಬೇಕೆಂದರೆ ಒಂದೂವರೆ ಗಂಟೆ ಮೊದಲೇ ಇರಬೇಕು. ಬಯಲಲ್ಲಿ ಕೂರಬೇಕಾಗಬಹುದು, ಮಕ್ಕಳಿಗೆ ನೀರು, ಒಂದು ತೆಳು ಶಾಲು ಜೊತೆಗಿರಲಿ.

ಇನ್ನೊಂದು, ವಾಟ್ಸಾಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಕಾಲ್ ಆಗುವುದಿಲ್ಲ. ಇಲ್ಲಿ ಅನುಮತಿ ಇರುವ ಬೋಟಿಮ್‌ನಂಥ ಆ್ಯಪ್ ಊರಿನ ಫೋನಿಗೂ ಹಾಕಿಸಿ, ವಾರ ಮೊದಲೇ ಒಮ್ಮೆ ಮಾತಾಡಿ ನೋಡಿ. ನಮ್ಮ ಸಮಯ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಅಂದರೆ ಗುಳೇದಗುಡ್ಡದಲ್ಲಿ ರಾತ್ರಿ 12 ಆದಾಗ ಇಲ್ಲಿ 10.30. ಆ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದರೂ ಫೋನ್ ಕೈಯಲ್ಲೇ ಇರಲಿ. ಅವ್ವ ಏನೂ ಮಾತಾಡುವುದಿಲ್ಲ, ಫೋನನ್ನು ಚರ್ಚಿನ ಗಂಟೆ ಕಡೆ ಹಿಡಿದು ನಿಲ್ಲುತ್ತಾಳೆ.